ಗಾಥೆಯೂ ಕಥೆಯೂ: ‘ಥೇರೀಗಾಥಾ’ದ ಓದಿನಲ್ಲಿ ಒಂದು ಸಮಸ್ಯೆ

ಸಾವಿಲ್ಲದ ಮನೆಯಿಂದ ಸಾಸಿವೆಯನ್ನು ತರಲು ಹೊರಟ ಕಿಸಾಗೋತಮಿಯ ಕಥೆಯನ್ನು ಕೇಳದ ಕನ್ನಡ ವಿದ್ಯಾರ್ಥಿ ವಿರಳ. ಬೌದ್ಧ ಸಾಹಿತ್ಯವನ್ನು ಕುರಿತ ಪಾಠಗಳಲ್ಲಿ ಆ ಕಥೆಯನ್ನು ಹೇಳಿ, ಈಕೆಯ ಗಾಥೆಗಳು ‘ಥೇರೀಗಾಥಾ’ ಎಂಬ ಪಾಳಿ ಗ್ರಂಥದಲ್ಲಿವೆ ಎಂದು ಸೇರಿಸುವುದು ವಾಡಿಕೆ. ಎರಡು ಮಾತೂ ನಿಜವೇ. ಆದರೆ ಅವೆರಡನ್ನೂ ಒಂದೇ ಉಸಿರಿನಲ್ಲಿ ಹೇಳಿದಾಗ, ಸಾಸಿವೆಯ ಪ್ರಸಂಗವು ಆ ಗಾಥೆಗಳಲ್ಲಿಯೇ ಇದೆಯೆಂಬ ಭಾವನೆ ಕೇಳುವವರಲ್ಲಿ ಉಂಟಾಗುತ್ತದೆ. ಗಾಥೆಗಳಲ್ಲಿ ಸಾಸಿವೆಯ ಮಾತೇ ಇಲ್ಲ. ಈ ಸಣ್ಣ ತಪ್ಪಿನ ಹಿಂದೆ ಪಾಳಿ ಸಾಹಿತ್ಯದ ಅಧ್ಯಯನಕ್ಕೆ ಸಂಬಂಧಿಸಿದ ಒಂದು ದೊಡ್ಡ ಪ್ರಶ್ನೆಯಿದೆ. ಅದನ್ನು ವಿಚಾರಮಾಡುವುದೇ ಈ ಲೇಖನದ ಉದ್ದೇಶ.

‘ಥೇರೀಗಾಥಾ’ ಸುತ್ತಪಿಟಕದ ಖುದ್ದಕನಿಕಾಯಕ್ಕೆ ಸೇರಿದ ಗ್ರಂಥ. ಎಪ್ಪತ್ತಮೂರು ಕವನಗಳು, ಐನೂರಕ್ಕೆ ತುಸು ಮೇಲ್ಪಟ್ಟ ಗಾಥೆಗಳು ಅದರಲ್ಲಿವೆ. ಪಿಶೆಲ್ ಪಂಡಿತನು ಇದನ್ನು ಸಂಪಾದಿಸಿ, ಪಾಳಿ ಟೆಕ್ಸ್ಟ್ ಸೊಸೈಟಿಯ ಮೂಲಕ ೧೮೮೩ರಲ್ಲಿ ಪ್ರಕಟಿಸಿದನು. ಇದಕ್ಕೆ ಧಮ್ಮಪಾಲನು ಬರೆದ ಅಟ್ಠಕಥೆಯುಂಟು. ಧಮ್ಮಪಾಲನು ಬುದ್ಧಘೋಷನ ಅನಂತರದವನು. ಎಂದರೆ ಗಾಥೆಗಳಿಗೂ ವ್ಯಾಖ್ಯಾನಕ್ಕೂ ನಡುವೆ ಹಲವು ಶತಮಾನಗಳ ಅಂತರವಿದೆ. ಅಟ್ಠಕಥೆಯು ಪ್ರತಿಯೊಬ್ಬ ಥೇರಿಯ ಪೂರ್ವಜನ್ಮವನ್ನೂ ಜೀವನ ವೃತ್ತಾಂತವನ್ನೂ ಮೊದಲು ಹೇಳಿ, ಬಳಿಕ ಗಾಥೆಗಳ ಪದಾರ್ಥಕ್ಕೆ ಬರುತ್ತದೆ. ೧೯೦೯ರಲ್ಲಿ ಶ್ರೀಮತಿ ರೈಸ್ ಡೇವಿಡ್ಸ್ ಅವರು ಇಂಗ್ಲಿಷಿಗೆ ಅನುವಾದಿಸಿದಾಗಲೂ ಈ ಕಥೆಗಳನ್ನು ಸಂಗ್ರಹಿಸಿ ಕವನಗಳ ತಲೆಯ ಮೇಲೆಯೇ ಇರಿಸಿದರು. ಹೀಗೆ ಕಥೆಯು ಗಾಥೆಯ ಹೆಬ್ಬಾಗಿಲಾಯಿತು; ಹಲವರು ಆ ಬಾಗಿಲಲ್ಲಿಯೇ ನಿಂತುಬಿಟ್ಟರು. ೧೯೭೧ರಲ್ಲಿ ನಾರ್ಮನ್ ಅವರ ಅನುವಾದ ಬಂದಮೇಲೆಯೇ ಗಾಥೆಗಳನ್ನು ಬಿಡಿಯಾಗಿ, ಭಾಷಾಶಾಸ್ತ್ರದ ಬೆಳಕಿನಲ್ಲಿ ನೋಡುವ ಅನುಕೂಲವು ಇಂಗ್ಲಿಷ್ ಓದುಗರಿಗೆ ಒದಗಿತು.

ಗಾಥೆ ಮತ್ತು ಕಥೆಗಳ ಈ ಜೋಡಣೆ ಕನ್ನಡಿಗರಿಗೆ ಹೊಸದಲ್ಲ. ‘ವಡ್ಡಾರಾಧನೆ’ಯ ಹತ್ತೊಂಬತ್ತು ಕಥೆಗಳಲ್ಲಿ ಪ್ರತಿಯೊಂದರ ಮೊದಲಿಗೂ ಒಂದು ಪ್ರಾಕೃತ ಗಾಹೆಯಿದೆ. ಅಲ್ಲಿ ಗಾಹೆಯು ಕಥೆಗೆ ಸೂಚನೆ ಮಾತ್ರ. ಸಹಿಸಿದ ಉಪಸರ್ಗವನ್ನೂ ಪಡೆದ ಸಿದ್ಧಿಯನ್ನೂ ಅದು ಸಂಕ್ಷೇಪವಾಗಿ ನೆನಪಿಸುತ್ತದೆ. ಕಥೆಯಿಲ್ಲದೆ ಅದು ತುಂಬುವುದಿಲ್ಲ. ಈ ಅಭ್ಯಾಸದಿಂದಲೇ ನಾವು ‘ಥೇರೀಗಾಥಾ’ವನ್ನೂ ಓದಿದರೆ ಮೋಸಹೋಗುತ್ತೇವೆ. ಇಲ್ಲಿಯ ಗಾಥೆಯು ಕಥೆಯ ಸೂಚನೆಯಲ್ಲ. ಅದು ಸ್ವಯಂಪೂರ್ಣವಾದ ಕವನ.

ಕಿಸಾಗೋತಮಿಯ ಹನ್ನೊಂದು ಗಾಥೆಗಳನ್ನೇ ನೋಡೋಣ. ಕಲ್ಯಾಣಮಿತ್ರರ ಸಂಗದ ಹಿರಿಮೆಯಿಂದ ಅವು ಮೊದಲಾಗುತ್ತವೆ. ಬಳಿಕ ಹೆಣ್ಣಾಗಿರುವುದರ ದುಃಖ ಬರುತ್ತದೆ: ಸವತಿಯರೊಡನೆ ಬಾಳುವುದು, ಹೆರಿಗೆಯ ಸಂಕಟ, ಕೊರಳು ಕೊಯ್ದುಕೊಂಡವರು, ವಿಷ ಕುಡಿದವರು, ಹೆರಿಗೆಯಲ್ಲಿ ಮಗುವಿನೊಡನೆ ಅಳಿದವರು. ಆಮೇಲೆ ‘ನಾನು ಕಂಡೆ’ ಎಂಬ ಉತ್ತಮಪುರುಷದ ಮಾತು ತಟ್ಟನೆ ಕೇಳಿಬರುತ್ತದೆ. ದಿನ ತುಂಬಿದ ಹೆಂಗಸು ದಾರಿಯಲ್ಲಿ ಸತ್ತುಬಿದ್ದ ಗಂಡನನ್ನು ಕಾಣುತ್ತಾಳೆ. ಇಬ್ಬರು ಮಕ್ಕಳು ತೀರಿಹೋಗುತ್ತಾರೆ. ತಾಯಿ, ತಂದೆ, ಒಡಹುಟ್ಟಿದವನು ಒಂದೇ ಚಿತೆಯಲ್ಲಿ ಬೇಯುತ್ತಿದ್ದಾರೆ. ಆದರೆ ಅಟ್ಠಕಥೆಗಳ ಪ್ರಕಾರ ಇದು ಪಟಾಚಾರೆಯ ವೃತ್ತಾಂತ, ಕಿಸಾಗೋತಮಿಯದಲ್ಲ. ಈ ತೊಡಕನ್ನು ಧಮ್ಮಪಾಲನೂ ಕಂಡಿದ್ದಾನೆ. ಪಟಾಚಾರೆಗೆ ನಡೆದುದನ್ನು ತೆಗೆದುಕೊಂಡು ಈಕೆ ಹೇಳಿದಳೆಂದು ಅವನ ಸಮಾಧಾನ.

ಈ ಸಮಾಧಾನವು ಸಾಲದು. ಗಾಥೆಯಲ್ಲಿ ಬೇರೊಬ್ಬಳ ಹೆಸರಿಲ್ಲ. ‘ನಾನು’ ಎಂದೇ ಇದೆ. ಕಿಸಾಗೋತಮಿಗೆ ಪುತ್ರಶೋಕದ ಸಂಬಂಧ ಪಿಟಕದಲ್ಲಿ ಇಲ್ಲವೇ ಇಲ್ಲವೆಂದು ಹೇಳುವಂತಿಲ್ಲ. ಸಂಯುತ್ತನಿಕಾಯದ ಭಿಕ್ಖುನೀಸಂಯುತ್ತದಲ್ಲಿ ಮಾರನು, ಮಗನನ್ನು ಕಳೆದುಕೊಂಡವಳಂತೆ ಅಳುಮೋರೆಯಲ್ಲಿ ಒಬ್ಬಳೇ ಏಕೆ ಕುಳಿತಿರುವೆ ಎಂದು ಈಕೆಯನ್ನೇ ಕೇಳುತ್ತಾನೆ. ಮಕ್ಕಳ ಸಾವಿನ ಅವಸ್ಥೆಯನ್ನು ತಾನು ದಾಟಿದೆನೆಂದು ಆಕೆ ಉತ್ತರಿಸುತ್ತಾಳೆ. ಆದರೆ ಅಲ್ಲಿಯೂ ಸಾಸಿವೆಯಿಲ್ಲ. ಶೋಕಪಟ್ಟ ತಾಯಿಯ ಒಂದು ದನಿ ಹಳೆಯದು. ಅದನ್ನು ಇಬ್ಬರು ಥೇರಿಯರ ಎರಡು ಕಥೆಗಳಾಗಿ ಹಂಚಿದ್ದು ಈಚಿನ ಕೆಲಸ ಎಂದು ಊಹಿಸಲು ಇಷ್ಟು ಆಧಾರ ಸಾಕು.

ಕಥೆಯ ನೆರಳಿನಿಂದ ಹೊರಕ್ಕೆ ಬಂದಾಗ ಕವನದ ಗುಣವೂ ತೋರುತ್ತದೆ. ಕೊನೆಗೆ ಈಕೆ ತನ್ನನ್ನು ‘ಮತಪತಿಕಾ’, ಗಂಡ ಸತ್ತವಳು, ಎಂದು ಕರೆದುಕೊಂಡು, ಮರುಮಾತಿನಲ್ಲಿಯೇ ‘ಅಮತ’ವನ್ನು ಪಡೆದೆನೆನ್ನುತ್ತಾಳೆ. ಮೃತ, ಅಮೃತ ಎಂಬ ಎರಡು ಪದಗಳ ನಡುವೆ ಪಾಳಿಯಲ್ಲಿರುವುದು ಒಂದು ಅಕಾರ ಮಾತ್ರ. ಇಡೀ ದುಃಖಪರಂಪರೆ ಆ ಒಂದು ಅಕ್ಷರದಲ್ಲಿ ಹೊರಳುತ್ತದೆ. ಸಾಸಿವೆಯ ಕಥೆಯಲ್ಲಿ ಯುಕ್ತಿ ಗುರುವಿನದು, ತಾಯಿ ಪಾಠ ಕಲಿಯುವವಳು. ಗಾಥೆಯಲ್ಲಿಯಾದರೋ ಮಾತೂ ಆಕೆಯದು, ಅರಿವೂ ಆಕೆಯದು.

ಇನ್ನು ಪಟಾಚಾರೆಯ ಸ್ವಂತ ಗಾಥೆಗಳು ಐದು. ಅವುಗಳಲ್ಲಿ ಗಂಡನೂ ಇಲ್ಲ, ಮಕ್ಕಳೂ ಇಲ್ಲ, ಪ್ರವಾಹವೂ ಇಲ್ಲ. ಜನರು ಉತ್ತು ಬಿತ್ತಿ ಹೆಂಡಿರು ಮಕ್ಕಳನ್ನು ಸಾಕುತ್ತಾರೆ. ಶೀಲವಂತೆಯಾದ ನಾನೇಕೆ ನಿಬ್ಬಾನವನ್ನು ಪಡೆಯಲಿಲ್ಲ ಎಂಬುದು ಆಕೆಯ ಪ್ರಶ್ನೆ. ಕಾಲು ತೊಳೆದ ನೀರು ಏರಿನಿಂದ ತಗ್ಗಿಗೆ ಹರಿಯುವುದನ್ನು ನೋಡಿ ಚಿತ್ತವನ್ನು ನಿಲ್ಲಿಸುತ್ತಾಳೆ. ಅಟ್ಠಕಥೆಯಾದರೋ ಆ ನೀರನ್ನು ಮೂರು ಬಾರಿ ಸುರಿಸಿ, ಮೂರು ವಯಸ್ಸಿನ ಸಾವುಗಳಿಗೆ ಹೋಲಿಸಿ, ಅರ್ಥವನ್ನು ಬಿಡಿಸಿಡುತ್ತದೆ. ಗಾಥೆಯು ನೀರನ್ನು ನೀರಾಗಿಯೇ ಬಿಟ್ಟಿದೆ. ಬಳಿಕ ಆಕೆ ದೀಪ ಹಿಡಿದು ಕೋಣೆಗೆ ಹೋಗಿ, ಮಂಚದ ಮೇಲೆ ಕುಳಿತು, ಸೂಜಿಯಿಂದ ಬತ್ತಿಯನ್ನು ಎಳೆಯುತ್ತಾಳೆ. ದೀಪದ ‘ನಿಬ್ಬಾನ’ದಂತೆ ಚಿತ್ತದ ಬಿಡುಗಡೆಯಾಗುತ್ತದೆ. ಮೊದಲಲ್ಲಿ ಶಾಸ್ತ್ರದ ಪದವಾಗಿ ಬಂದ ನಿಬ್ಬಾನವು ಕಡೆಯಲ್ಲಿ ಮನೆಯ ಮಾತಾಗಿ, ದೀಪ ಆರುವುದೆಂಬ ಅರ್ಥದಲ್ಲಿ ಮರಳಿ ಬಂದಿದೆ. ‘ನಿರ್ವಾಣ’ ಎಂದು ಸಂಸ್ಕೃತೀಕರಿಸಿದರೆ ಈ ಚೆಲುವು ಕಾಣದು. ದೀಪವನ್ನು ಆರಿಸುವುದಕ್ಕೆ ‘ಶಾಂತ ಮಾಡುವುದು’ ಎನ್ನುವ ನಮ್ಮ ಮನೆಮಾತು ಮೂಲಕ್ಕೆ ಹೆಚ್ಚು ಹತ್ತಿರವಾದುದು.

ಅಟ್ಠಕಥೆಯನ್ನು ಬಿಡಬೇಕೆಂದು ನನ್ನ ಅಭಿಪ್ರಾಯವಲ್ಲ. ಅದರ ನೆರವಿಲ್ಲದೆ ಗಾಥೆಗಳ ಎಷ್ಟೋ ಪದಗಳು ನಮಗೆ ಬಿಡಿಸಲಾರದ ಗಂಟುಗಳಾಗಿ ಉಳಿಯುತ್ತಿದ್ದವು. ಸಾಸಿವೆಯ ಕಥೆಯೂ ತನ್ನ ಮಟ್ಟಿಗೆ ಉತ್ತಮ ಕಥೆ. ಅದನ್ನು ಅಟ್ಠಕಥೆಯ ಕಥೆಯೆಂದೇ ಹೇಳಬೇಕು, ಅಷ್ಟೆ. ಆಕ್ಷೇಪವಿರುವುದು ಓದಿನ ಕ್ರಮಕ್ಕೆ. ಕನ್ನಡದಲ್ಲಿ ಈ ಕವನಗಳನ್ನು ಅನುವಾದಿಸುವವರು ಗಾಥೆಗಳನ್ನು ಮೊದಲಿಟ್ಟು, ಕಥೆಗಳನ್ನು ಅನುಬಂಧದಲ್ಲಿ ಕೊಡುವುದು ಲೇಸು. ತರಗತಿಯಲ್ಲಿಯೂ ಪಟಾಚಾರೆಯ ಐದು ಗಾಥೆಗಳನ್ನು, ಆಕೆ ಯಾರೆಂದು ಹೇಳದೆಯೇ, ಒಮ್ಮೆ ಓದಿಸಿ ನೋಡಬಹುದು. ಆಕೆಯ ಕಷ್ಟಗಳನ್ನು ಮೊದಲೇ ಕೇಳಿದ ವಿದ್ಯಾರ್ಥಿ ಮರುಗುತ್ತಾನೆ. ಕೇಳದವನು ಆ ದೀಪವನ್ನು ನೋಡುತ್ತಾನೆ. ಮರುಕಕ್ಕೆ ಆಮೇಲೆ ಬೇಕಾದಷ್ಟು ಅವಕಾಶವುಂಟು.