ಧಾರವಾಡ ಶಿಲಾವರ್ಗದ ಪೌರ್ವಾಪರ್ಯ ವಿಚಾರ

ಮೈಸೂರು ಸೀಮೆಯ ನೆಲಗಟ್ಟಿನಲ್ಲಿ ಎರಡು ಬಗೆಯ ಪುರಾತನ ಶಿಲೆಗಳು ಪ್ರಧಾನವಾಗಿರುವುವು. ಬಾಬಾಬುಡನ್ ಗಿರಿ, ಶಿವಮೊಗ್ಗ, ಚಿತ್ರದುರ್ಗ, ಕೋಲಾರ ಮೊದಲಾದೆಡೆಗಳಲ್ಲಿ ಉದ್ದವಾದ ಪಟ್ಟಿಗಳಾಗಿ ಹಬ್ಬಿರುವ, ಚಿನ್ನಕ್ಕೂ ಕಬ್ಬಿಣಕ್ಕೂ ಆಕರವಾದ, ಕಪ್ಪು ಹಸುರು ಛಾಯೆಯ ಷಿಸ್ಟು ಶಿಲೆಗಳು ಒಂದು ಬಗೆ; ಇವಕ್ಕೆ ಧಾರವಾಡ ವರ್ಗವೆಂದು ಹೆಸರು. ಆ ಪಟ್ಟಿಗಳ ನಡುವಣ ವಿಸ್ತಾರವನ್ನು ತುಂಬಿಕೊಂಡಿರುವ, ಬಿಳಿ ಬೂದು ಗೆರೆಗಳುಳ್ಳ ನೈಸು ಶಿಲೆ ಇನ್ನೊಂದು ಬಗೆ. ಬೆಂಗಳೂರಿನ ಲಾಲ್‌ಬಾಗಿನ ಬಂಡೆ ಈ ಜಾತಿಯದು. ಈ ಎರಡರಲ್ಲಿ ಯಾವುದು ಹಿರಿದು, ಯಾವುದು ಕಿರಿದು ಎಂಬ ಪ್ರಶ್ನೆಗೆ ನೂರು ವರ್ಷಗಳೊಳಗೆ ಪರಸ್ಪರ ವಿರುದ್ಧವಾದ ಉತ್ತರಗಳು ಹುಟ್ಟಿರುತ್ತವೆ. ಉತ್ತರ ಕೊಟ್ಟವರಾದರೋ ಬೆಟ್ಟಗುಡ್ಡಗಳನ್ನು ಸುತ್ತಿ ಕಣ್ಣಾರೆ ಕಂಡವರು. ಪರರ ಗ್ರಂಥವನ್ನು ನಂಬಿ ಬರೆದವರಲ್ಲ. ಪ್ರತ್ಯಕ್ಷದಲ್ಲಿ ದೋಷವಿಲ್ಲದಿರಲು ಸಿದ್ಧಾಂತಗಳು ಮಾತ್ರ ಇದಿರುಬದಿರಾಗಿ ನಿಂತುದು ಹೇಗೆ ಎಂಬುದೇ ಇಲ್ಲಿ ವಿಚಾರಣೀಯವಾದ ವಿಷಯ.

ಇದು ಬರಿಯ ವಾಗ್ವಾದವೆಂದು ತಿಳಿಯಲಾಗದು. ಧಾರವಾಡ ವರ್ಗಕ್ಕೆ ತಳವೆಂಬುದೊಂದು ಉಂಟೆಂದಾದರೆ ಆ ತಳದ ಪದರಗಳಲ್ಲಿ ಹುಡುಕತಕ್ಕ ಖನಿಜಗಳೇ ಬೇರೆ. ತಳವೇ ಇಲ್ಲವೆಂದವನು ಅಲ್ಲಿ ಹುಡುಕುವುದೇ ಇಲ್ಲ. ಅದಕ್ಕೂ ಮಿಗಿಲಾಗಿ, ಈ ಭೂಭಾಗದ ಮೊದಲ ಗಟ್ಟಿನೆಲ ಯಾವುದೆಂಬುದು ಈ ನಿರ್ಣಯವನ್ನೇ ಅವಲಂಬಿಸಿದೆ.

ಶಿಲಾಸ್ತರಗಳ ವಯಸ್ಸನ್ನು ಒಂದಕ್ಕೊಂದು ಹೋಲಿಸಿ ತಿಳಿಯುವ ಶಾಸ್ತ್ರಕ್ಕೆ ಅಡಿಪಾಯವನ್ನು ಹಾಕಿದವನು ಇಟಲಿಯ ಟಸ್ಕನಿಯಲ್ಲಿದ್ದ ಸ್ಟೆನೋ ಎಂಬ ಪಂಡಿತ. 1669ರಲ್ಲಿ ಅವನು ಪ್ರಕಟಿಸಿದ ಗ್ರಂಥದಲ್ಲಿ, ನೀರಿನಲ್ಲಿ ತಂಗಿ ಪದರ ಪದರವಾಗಿ ಕೂಡಿದ ಶಿಲೆಗಳಲ್ಲಿ ಕೆಳಗಿನದು ಮೊದಲು, ಮೇಲಿನದು ಆಮೇಲೆ ಉಂಟಾಯಿತೆಂಬ ನಿಯಮವು ಪ್ರತಿಪಾದಿತವಾಗಿದೆ. ನಿಯಮವು ಸುಲಭ, ಅದರ ಪ್ರಯೋಗವು ಸುಲಭವಲ್ಲ. ಬೆಂಕಿಯಿದ್ದಲ್ಲೆಲ್ಲ ಹೊಗೆಯುಂಟೆಂದು ಹೇಳಿದವನಿಗೆ ನೈಯಾಯಿಕರು ಕಾದ ಕಬ್ಬಿಣದ ಗುಂಡನ್ನು ತೋರಿಸುವರು. ಅಲ್ಲಿ ಬೆಂಕಿಯಿದೆ, ಹೊಗೆಯಿಲ್ಲ. ಹಸಿ ಸೌದೆಯೆಂಬ ಉಪಾಧಿಯಿದ್ದಲ್ಲಿ ಮಾತ್ರ ಆ ವ್ಯಾಪ್ತಿಯು ನಿಲ್ಲುವುದು. ಅಂತೆಯೇ ಕೆಳಗಿನದು ಹಿರಿದೆಂಬ ವ್ಯಾಪ್ತಿಗೆ, ಪದರಗಳು ಮಗುಚಿಕೊಂಡಿಲ್ಲವೆಂಬುದು ಉಪಾಧಿ. ಧಾರವಾಡ ಶಿಲೆಗಳು ಕಡುಮಡಿಕೆಗಳಾಗಿ ಹಿಂಡಲ್ಪಟ್ಟು, ಅನೇಕ ಕಡೆ ಗೋಡೆಯಂತೆ ನೆಟ್ಟಗೆ ನಿಂತಿವೆ. ಗೋಡೆಗೆ ಮೇಲು ಯಾವುದು, ಕೆಳಗು ಯಾವುದು?

ಅದಕ್ಕೆ ಬೇರೊಂದು ಹೇತು ಬೇಕಾಗುವುದು. ಅಂತಹ ಹೇತುಗಳು ಎರಡುಂಟು. ಕರಗಿದ ಶಿಲೆಯು ಮತ್ತೊಂದರ ಬಿರುಕಿನೊಳಕ್ಕೆ ನುಗ್ಗಿ ಎಳೆಯಾಗಿ ಗಟ್ಟಿಗೊಂಡಿದ್ದರೆ, ನುಗ್ಗಿದ್ದು ಕಿರಿದು, ನುಗ್ಗಿಸಿಕೊಂಡದ್ದು ಹಿರಿದು. ಒಂದು ಶಿಲೆಯ ತುಂಡು ಮತ್ತೊಂದರ ಒಡಲಿನಲ್ಲಿದ್ದರೆ, ತುಂಡು ಹಿರಿದು, ಒಡಲು ಕಿರಿದು. ಇವೆರಡಕ್ಕೂ ಮಗುಚುವಿಕೆಯ ಬಾಧೆಯಿಲ್ಲ. ಮುಂದೆ ಬರುವ ವಾದವೆಲ್ಲ ಈ ಎರಡು ಹೇತುಗಳ ಸುತ್ತಲೇ ತಿರುಗುತ್ತದೆಯಾದ ಕಾರಣ ಇವನ್ನು ಮನಸ್ಸಿನಲ್ಲಿಡತಕ್ಕುದು.

ಷಿಸ್ಟು ಶಿಲೆಗಳನ್ನು ನೈಸಿನಿಂದ ಬೇರ್ಪಡಿಸಿ ಧಾರವಾಡ ವರ್ಗವೆಂದು ಹೆಸರಿಟ್ಟವರು ಬ್ರೂಸ್ ಫೂಟರು. 1863ರಲ್ಲಿ ಮದರಾಸಿನ ಬಳಿಯ ಪಲ್ಲಾವರದಲ್ಲಿ ಶಿಲಾಯುಗದ ಕೊಡಲಿಯನ್ನು ಕಂಡುಹಿಡಿದು ಪ್ರಸಿದ್ಧರಾದವರು ಇವರೇ. 1880ರ ದಶಕದಲ್ಲಿ ಅವರು ಕೊಟ್ಟ ನಿರ್ಣಯವಿದು: ನೈಸು ಹಿರಿದು, ಅದರ ಸವೆದ ಬೆನ್ನಿನ ಮೇಲೆ ಧಾರವಾಡ ಶಿಲೆಗಳು ತಂಗಿದುವು, ಆಮೇಲೆ ಎರಡೂ ಒಟ್ಟಿಗೆ ಮಡಿಸಲ್ಪಟ್ಟು, ಮಡಿಕೆಯ ತಗ್ಗುಗಳಲ್ಲಿ ಸಿಕ್ಕಿಕೊಂಡ ಧಾರವಾಡ ಶಿಲೆಗಳು ಮಾತ್ರ ಸವೆತಕ್ಕೆ ತಪ್ಪಿ ಪಟ್ಟಿಗಳಾಗಿ ಉಳಿದುವು. ಈ ಚಿತ್ರವು ಸರಳವೂ ಸಮಂಜಸವೂ ಆಗಿದೆ. ಆದರೆ ಆ ಸವೆದ ಬೆನ್ನನ್ನು ಎಲ್ಲೆಡೆಯಲ್ಲಿಯೂ ತೋರಿಸುವುದು ಅವರಿಂದಾಗಲಿಲ್ಲ.

ತರುವಾಯ ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆಯು 1894ರಲ್ಲಿ ಸ್ಥಾಪಿತವಾಗಿ, ಅದರ ಮುಖ್ಯಸ್ಥರಾದ ಸ್ಮೀತರು 1916ರಲ್ಲಿ ಸಂಸ್ಥಾನದ ಭೂಚರಿತ್ರೆಯನ್ನು ಸಂಗ್ರಹಿಸಿ ಬರೆದರು. ಅದರಲ್ಲಿ ಫೂಟರ ಕ್ರಮವು ತಲೆಕೆಳಗಾಯಿತು. ಧಾರವಾಡವೇ ಎಲ್ಲಕ್ಕೂ ಹಿರಿದು; ಕೋಲಾರದ ಚಾಂಪಿಯನ್ ನೈಸು, ಪೆನಿನ್ಸುಲರ್ ನೈಸು, ಚಾರ್ನೊಕೈಟು, ಕ್ಲೋಸ್‌ಪೇಟೆ ಗ್ರಾನೈಟು ಇವು ಒಂದಾದಮೇಲೊಂದು ಅದರೊಳಕ್ಕೆ ನುಗ್ಗಿದುವು ಎಂದು ಅವರ ಮತ. (ಕ್ಲೋಸ್‌ಪೇಟೆಯೆಂಬುದು ಬ್ಯಾರಿ ಕ್ಲೋಸನ ಹೆಸರಿನಿಂದ ಬಂದ, ಈಗಿನ ರಾಮನಗರದ ಹಳೆಯ ಹೆಸರು; ಊರಿನಿಂದ ಅಳಿದರೂ ಬಂಡೆಯಲ್ಲಿ ಉಳಿದಿದೆ.) ಸ್ಮೀತರ ಹೇತುಗಳು ಹಗುರವಾದವಲ್ಲ. ನೈಸಿನ ಎಳೆಗಳು ಷಿಸ್ಟಿನೊಳಕ್ಕೆ ಹರಿದಿರುವುದನ್ನೂ, ಷಿಸ್ಟಿನ ತುಂಡುಗಳು ನೈಸಿನ ಒಡಲಿನಲ್ಲಿ ತೇಲಿದಂತಿರುವುದನ್ನೂ ಅವರ ಇಲಾಖೆಯವರು ಕಂಡಿದ್ದರು. ಮೇಲೆ ಹೇಳಿದ ಎರಡು ಹೇತುಗಳೂ ಅವರ ಕಡೆಗೇ ಇದ್ದಂತಾಯಿತು. ಫೂಟರು ಒಳ್ಳೆಯ ಚಿತ್ರವನ್ನು ಕೊಟ್ಟರು. ಸ್ಮೀತರು ಪ್ರಮಾಣವನ್ನು ಕೊಟ್ಟರು. ಆ ಮತಕ್ಕೆ ದೀರ್ಘಕಾಲ ಮನ್ನಣೆ ದೊರೆತುದರಲ್ಲಿ ಆಶ್ಚರ್ಯವಿಲ್ಲ.

ಹೀಗಿದ್ದರೂ ಆ ಮತಕ್ಕೆ ಒಂದು ತೊಡಕು ಉಂಟು. ಧಾರವಾಡ ಪಟ್ಟಿಗಳಲ್ಲಿ ಅಲ್ಲಲ್ಲಿ ಕಾಂಗ್ಲಾಮರೇಟು ಎಂಬ ಶಿಲೆ ಕಾಣಬರುತ್ತದೆ. ಹೊಳೆಯ ಉರುಟುಕಲ್ಲುಗಳು ಮರಳಿನೊಡನೆ ಬೆರೆತು ಗಟ್ಟಿಯಾದರೆ ಹೇಗಿರುವುದೋ ಹಾಗೆ ಅದರ ರೂಪ. ಹೊಳೆಯು ಉರುಟುಕಲ್ಲನ್ನು ತರಬೇಕಾದರೆ ಆ ಕಲ್ಲಿನ ತಾಯಿಬಂಡೆಯು ಎಲ್ಲೋ ಮೊದಲೇ ಇದ್ದಿರಬೇಕು. ಧಾರವಾಡಕ್ಕಿಂತ ಹಿರಿದಾದುದು ಏನೂ ಇಲ್ಲವೆಂಬ ಸಿದ್ಧಾಂತಕ್ಕೆ ಇದು ಅನುಕೂಲವಲ್ಲ. ಸ್ಮೀತರು ಇದಕ್ಕೆ ಹೇಳಿದ ಸಮಾಧಾನವೇನೆಂದರೆ, ಇವು ಹೊಳೆಯ ಕಲ್ಲುಗಳೇ ಅಲ್ಲ. ಭೂಮಿಯ ಒತ್ತಡದಲ್ಲಿ ಬಂಡೆಯು ತನ್ನಷ್ಟಕ್ಕೆ ತಾನೇ ಪುಡಿಯಾಗಿ, ತುಂಡುಗಳು ಉರುಳಿ ದುಂಡಗಾದುವು ಎಂಬುದು. ಅಷ್ಟಕ್ಕೆ ನಿಲ್ಲದೆ, ಧಾರವಾಡದ ಮರಳುಶಿಲೆ ಸುಣ್ಣಶಿಲೆಗಳನ್ನು ಕೂಡ ಬೆಂಕಿಯಿಂದ ಹುಟ್ಟಿದ ಶಿಲೆಗಳ ವಿಕಾರಗಳೆಂದು ಅವರು ವ್ಯಾಖ್ಯಾನಿಸಿದರು. ಇಲ್ಲಿ ಅವರ ವಾದವು ಶಿಥಿಲವಾಯಿತೆಂದೇ ಹೇಳಬೇಕು. ಮೂಲಕ್ಕೆ ತಕ್ಕಂತೆ ಟೀಕೆಯಿರಬೇಕಲ್ಲದೆ ಟೀಕೆಗೆ ತಕ್ಕಂತೆ ಮೂಲವನ್ನು ತಿದ್ದುವುದು ಸಲ್ಲದು.

ಪುಡಿಯಾದ ತುಂಡಿಗೂ ಹೊಳೆಯ ಕಲ್ಲಿಗೂ ಭೇದವನ್ನು ತಿಳಿಯುವುದಕ್ಕೆ ಉಪಾಯವಿಲ್ಲದಿಲ್ಲ. ತನ್ನಷ್ಟಕ್ಕೆ ಪುಡಿಯಾದ ಬಂಡೆಯಲ್ಲಿ ತುಂಡುಗಳೆಲ್ಲ ಆ ಬಂಡೆಯ ಜಾತಿಯವೇ ಆಗಿರಬೇಕು. ಹೊಳೆಯಾದರೋ ನಾಲ್ಕು ಕಡೆಯ ಕಲ್ಲುಗಳನ್ನು ಒಂದೆಡೆಗೆ ತರುವುದು. 1935ರಲ್ಲಿ ಪಿಚಮುತ್ತು ಅವರು ಆಗಿನ ಕಡೂರು ಜಿಲ್ಲೆಯ ಕಲ್‌ದುರ್ಗದ ಕಾಂಗ್ಲಾಮರೇಟುಗಳನ್ನು ಪರೀಕ್ಷಿಸಿ ಅವು ನೀರಿನಲ್ಲಿ ಕೂಡಿದುವೆಂದು ಸಾಧಿಸಿದರು. ಅಲ್ಲಿಯ ಉರುಟುಕಲ್ಲುಗಳಲ್ಲಿ ಗ್ರಾನೈಟಿನವೂ ಉಂಟು. 1940ರಲ್ಲಿ ರಾಮರಾಯರು ಮೈಸೂರಿನ ಪುರಾತನ ಶಿಲೆಗಳನ್ನೆಲ್ಲ ಪುನರ್ವಿಮರ್ಶೆ ಮಾಡಿ, ಧಾರವಾಡದ ಬಹುಭಾಗವು ನೀರಿನಲ್ಲಿ ತಂಗಿದುದೆಂದು ಒಪ್ಪಿದರು. ಸ್ಮೀತರು ಕಟ್ಟಿದ ಇಲಾಖೆಯೊಳಗಿನಿಂದಲೇ ಈ ತಿದ್ದುಪಡಿ ಬಂದುದು ಆ ಇಲಾಖೆಗೆ ಭೂಷಣವಾದ ಮಾತು.

ಈಗ ತೊಡಕು ಸ್ಪಷ್ಟವಾಗುವುದು. ಒಡಲಿಗಿಂತ ಒಡಲೊಳಗಣ ತುಂಡು ಹಿರಿದೆಂಬ ಯಾವ ನಿಯಮದಿಂದ ಸ್ಮೀತರು ಷಿಸ್ಟನ್ನು ನೈಸಿಗಿಂತ ಹಿರಿದೆಂದರೋ, ಅದೇ ನಿಯಮದಿಂದ ಕಲ್‌ದುರ್ಗದ ಗ್ರಾನೈಟು ಕಲ್ಲುಗಳು ಷಿಸ್ಟಿನ ಪಟ್ಟಿಗಿಂತ ಹಿರಿದಾಗಬೇಕಾಯಿತು. ಒಂದೇ ಹೇತುವು ಎರಡು ಕಡೆಗೂ ಸಾಕ್ಷಿ ಹೇಳಿತು. ಸಮಬಲವುಳ್ಳ ಪ್ರತಿಹೇತುವಿರುವ ಇಂತಹ ಸ್ಥಿತಿಗೆ ತರ್ಕದಲ್ಲಿ ಸತ್ಪ್ರತಿಪಕ್ಷವೆಂದು ಹೆಸರು. ಅಲ್ಲಿ ಎರಡೂ ಕಡೆಯವರು ಅನುಮಾನವನ್ನು ತಡೆಹಿಡಿದು ಪಕ್ಷವನ್ನೇ ಮತ್ತೆ ಪರೀಕ್ಷಿಸಬೇಕು. ಹಾಗೆ ಪರೀಕ್ಷಿಸಿದರೆ ಕಾಣುವುದೇನು? ಸೈಂಧವವೆಂದರೆ ಉಪ್ಪೂ ಹೌದು, ಕುದುರೆಯೂ ಹೌದು. ಊಟಕ್ಕೆ ಕುಳಿತವನೊಬ್ಬನೂ ಪಯಣಕ್ಕೆ ಹೊರಟವನೊಬ್ಬನೂ ಆ ಪದವನ್ನು ಹಿಡಿದು ಜಗಳವಾಡಿದರೆ ಇಬ್ಬರ ಕಣ್ಣಿಗೂ ದೋಷವಿಲ್ಲ. ಷಿಸ್ಟು ಎಂಬ ಹೆಸರಿನಲ್ಲಿ ಎರಡು ವಸ್ತುಗಳೂ, ನೈಸು ಎಂಬ ಹೆಸರಿನಲ್ಲಿ ಎರಡಕ್ಕಿಂತ ಹೆಚ್ಚೂ ಅಡಗಿದ್ದುವು.

ಇದನ್ನು ಬಿಡಿಸಿ ಹೇಳಿದವರು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ಸ್ವಾಮಿನಾಥ್, ರಾಮಕೃಷ್ಣನ್, ವಿಶ್ವನಾಥ ಇವರು. 1976ರಲ್ಲಿ ಪ್ರಕಟವಾದ ಅವರ ಪ್ರಬಂಧದಲ್ಲಿ, ನೈಸಿನೊಳಗೆ ತುಂಡು ತುಂಡಾಗಿ ಸಿಕ್ಕಿಕೊಂಡಿರುವ ಹಳೆಯ ಷಿಸ್ಟುಗಳಿಗೆ ಮೈಸೂರು ಜಿಲ್ಲೆಯ ಸರಗೂರಿನ ಹೆಸರೂ, ನೈಸಿನ ಬೆನ್ನಮೇಲೆ ತಂಗಿದ ಪದರಗಳಿಗೆ ಧಾರವಾಡದ ಹೆಸರೂ ಸಂದುವು. ಫೂಟರು ಅರಸಿದ ಸವೆದ ಬೆನ್ನಿಗೆ ಚಿಕ್ಕಮಗಳೂರಿನ ಬಳಿಯ ಕಳಸಾಪುರದಲ್ಲಿ ನಿದರ್ಶನ ದೊರೆಯುವುದು. ಅಲ್ಲಿ ಬಾಬಾಬುಡನ್ ಶ್ರೇಣಿಯ ತಳಕ್ಕೆ ಬೆಣಚುಕಲ್ಲಿನ ಉರುಟುಗಳುಳ್ಳ ಪದರವಿದ್ದು, ಅದರಲ್ಲಿ ಯುರೇನಿಯಮ್ಮಿನ ಅಂಶವೂ ಕಂಡುಬಂದಿದೆ. ತಳವಿಲ್ಲವೆಂದು ನಂಬಿದ್ದರೆ ಈ ಪದರಕ್ಕೆ ಅರ್ಥವೇ ಇರುತ್ತಿರಲಿಲ್ಲ. ಮಗುಚುವಿಕೆಯೆಂಬ ಉಪಾಧಿಗೂ ಪರಿಹಾರ ದೊರೆತಿದೆ. ಮರಳಿನ ಮೇಲೆ ಅಲೆಗಳು ಬಿಟ್ಟ ಗೆರೆಗಳೂ, ಹರಿವಿನಲ್ಲಿ ಓರೆಯಾಗಿ ಕೂಡಿದ ಪದರಗಳೂ ಮೇಲು ಯಾವ ಕಡೆಯೆಂಬುದನ್ನು ತೋರಿಸುವುವು. ಚಿತ್ರದುರ್ಗದ ಬಳಿಯ ಮರಡಿಹಳ್ಳಿಯಲ್ಲಿ ನೀರಿನೊಳಗೆ ಉಕ್ಕಿ ದಿಂಬುಗಳಂತೆ ಗಟ್ಟಿಯಾದ ಲಾವಾ ಇದೆ. ಅಂತಹ ದಿಂಬಿನ ಮೇಲ್ಭಾಗ ಉಬ್ಬಿರುವುದು, ಕೆಳಭಾಗ ಕೆಳಗಿನ ದಿಂಬುಗಳ ಸಂದಿಗೆ ಮೊನೆಯಾಗಿ ಇಳಿದಿರುವುದು. ಗೋಡೆಯಂತೆ ನಿಂತ ಶಿಲೆಯಲ್ಲಿಯೂ ತಲೆ ಯಾವುದು ಪಾದ ಯಾವುದೆಂದು ಇದರಿಂದ ತಿಳಿಯುವುದು.

ಹಾಗಾದರೆ ಸ್ಮೀತರವರು ಕಂಡ ನೈಸಿನ ಎಳೆಗಳು ಸುಳ್ಳೇ? ಸುಳ್ಳಲ್ಲ. ಕೆಲವೆಡೆ ಅವು ನುಗ್ಗಿದುದು ಸರಗೂರು ಜಾತಿಯ ಹಳೆಯ ಷಿಸ್ಟಿನೊಳಕ್ಕೆ. ಮತ್ತೆ ಕೆಲವೆಡೆ, ಧಾರವಾಡದ ಭಾರದ ಅಡಿಯಲ್ಲಿ ಆಳಕ್ಕೆ ಇಳಿದ ಹಳೆಯ ನೈಸು ಪುನಃ ಕಾದು ಮೆತ್ತಗಾಗಿ, ತನ್ನ ಮೇಲೆ ಕುಳಿತಿದ್ದ ಕಿರಿಯ ಪದರಗಳೊಳಕ್ಕೇ ನುಗ್ಗಿತು. ಸುಮಾರು 2,510 ದಶಲಕ್ಷ ವರ್ಷಗಳ ಹಿಂದಿನ ಕ್ಲೋಸ್‌ಪೇಟೆ ಗ್ರಾನೈಟು ಅಂತಹ ಕಡೆಯ ಕಾವಿನ ಕಾಲದ್ದು. ಇನ್ನು ಕೋಲಾರದ ಪಟ್ಟಿಯನ್ನು ಸುತ್ತಿರುವ ನೈಸು ಗ್ರಾನೈಟುಗಳಲ್ಲಿ ಬಹುಭಾಗ ಆ ಪಟ್ಟಿಗಿಂತ ನಿಜವಾಗಿಯೂ ಕಿರಿಯವು. ಕೋಲಾರಕ್ಕೆ ಸ್ಮೀತರ ಕ್ರಮವು ಇಂದಿಗೂ ಬಹುಮಟ್ಟಿಗೆ ಸಲ್ಲುವುದು. ಕೋಲಾರದಲ್ಲಿ ಸತ್ಯವಾದುದನ್ನು ಬಾಬಾಬುಡನ್ನಿಗೂ ಹಚ್ಚಿದ್ದೇ ಅತಿವ್ಯಾಪ್ತಿ.

ಈಚೆಗೆ ಇಂತಹ ವಿವಾದಗಳಿಗೆಲ್ಲ ಅಂಕಿಯೇ ಉತ್ತರವೆಂಬ ಭಾವನೆ ಬಲವಾಗಿದೆ. ಶಿಲೆಯೊಳಗಣ ರುಬೀಡಿಯಂ, ಯುರೇನಿಯಂ ಮೊದಲಾದುವು ನಿಯತವಾದ ವೇಗದಿಂದ ಬೇರೆ ಧಾತುಗಳಾಗಿ ಮಾರ್ಪಡುವುದನ್ನು ಅಳೆದು ವರ್ಷಗಳನ್ನು ಎಣಿಸುವ ಕ್ರಮವು ಶ್ಲಾಘ್ಯವೇ ಸರಿ. ಆದರೆ ಅದೂ ಅನುಮಾನವೇ. ಶಿಲೆಯು ಮತ್ತೆ ಕಾದಿದ್ದರೆ ಆ ಗಡಿಯಾರವು ಹುಟ್ಟಿನ ಕಾಲವನ್ನು ಬಿಟ್ಟು ಕಾವಿನ ಕಾಲವನ್ನು ತೋರಿಸಬಹುದು. ಒಂದು ನಿದರ್ಶನವನ್ನು ನೋಡಬಹುದು. 1980ರಲ್ಲಿ ಹಾಸನ ಪ್ರಾಂತದ ನೈಸಿಗೆ ರುಬೀಡಿಯಂ ಕ್ರಮದಿಂದ 3,358 ದಶಲಕ್ಷ ವರ್ಷಗಳ ವಯಸ್ಸು ದೊರೆಯಿತು. ಹೆಚ್ಚುಕಡಮೆಯ ಮಿತಿ 66 ದಶಲಕ್ಷ. 1995ರಲ್ಲಿ ಹೊಳೆನರಸೀಪುರದ ಷಿಸ್ಟು ಪಟ್ಟಿಯ ಜ್ವಾಲಾಮುಖಿ ಶಿಲೆಗೆ ಯುರೇನಿಯಂ ಕ್ರಮದಿಂದ 3,298 ದಶಲಕ್ಷ ವರ್ಷಗಳ ವಯಸ್ಸು ದೊರೆಯಿತು. ಅದರ ಮಿತಿ 7. ಈ ಪಟ್ಟಿಯನ್ನು ಸರಗೂರು ವರ್ಗದಲ್ಲಿ ಎಣಿಸುವರು. ಸರಗೂರು ವರ್ಗವು ನೈಸಿಗಿಂತ ಹಿರಿದೆಂಬುದು 1976ರ ಮತ; ಅಂಕಿಗಳನ್ನು ಹಾಗೆಯೇ ಓದಿದರೆ ನೈಸು 60 ದಶಲಕ್ಷ ವರ್ಷಗಳಷ್ಟು ಹಿರಿದಾಗುವುದು. ಆದರೆ ನೈಸಿನ ವಯಸ್ಸಿನಿಂದ ಅದರ ಮಿತಿಯಾದ 66ನ್ನು ಕಳೆದರೆ 3,292 ಉಳಿದು, ಅದು ಷಿಸ್ಟಿನ ವಯಸ್ಸಿಗಿಂತಲೂ ಕೆಳಗೆ ಬೀಳುವುದು. ಹೀಗಾಗಿ ಈ ಎರಡು ಅಂಕಿಗಳಿಂದ ಇವುಗಳ ಪೌರ್ವಾಪರ್ಯವು ಆ ಕಡೆಗೂ ಈ ಕಡೆಗೂ ಸಿದ್ಧವಾಗದು.

ಸರಗೂರೆಂಬ ಹೆಸರಿನ ಬಳಕೆಯಲ್ಲಿಯೂ ಹಿಂದಿನ ದೋಷವು ಮರಳಿ ಬರುವ ಸೂಚನೆಯುಂಟು. ಹೆಚ್ಚಾಗಿ ಕಾದು ಮಾರ್ಪಟ್ಟಿರುವ ಷಿಸ್ಟಿನ ಚೂರು ನೈಸಿನೊಳಗೆ ಎಲ್ಲಿ ಕಂಡರೂ ಅದಕ್ಕೆ ಸರಗೂರೆಂದು ಹೆಸರು ಹಾಕುವ ವಾಡಿಕೆ ಬೆಳೆಯಿತು. ಕಾವಿನ ತೀವ್ರತೆಯು ಆಳದ ಗುರುತಾಗಬಲ್ಲುದೇ ಹೊರತು ವಯಸ್ಸಿನ ಗುರುತಾಗಲಾರದು. 1986ರಲ್ಲಿ ನಾಹಾ, ಶ್ರೀನಿವಾಸನ್, ನಾಗಣ್ಣ ಇವರು ಈ ಪ್ರಾಂತದ ಪುರಾತನ ಶಿಲೆಗಳೆಲ್ಲ ಒಂದೇ ಕ್ರಮದಲ್ಲಿ ಮಡಿಸಲ್ಪಟ್ಟಿವೆಯೆಂದು ವಾದಿಸಿದುದು ಇದಕ್ಕೆ ತಕ್ಕ ಎಚ್ಚರಿಕೆಯಾಗಿತ್ತು. ಹಿರಿಯದಾದ ಶಿಲೆಯಲ್ಲಿ ಹಿಂದಿನದೊಂದು ಮಡಿಕೆ ಹೆಚ್ಚಾಗಿ ಇದ್ದರೆ ಅದನ್ನು ತೋರಿಸಿರೆಂದು ಕೇಳುವುದು ನ್ಯಾಯವೇ. ಆದರೆ ಮಡಿಕೆಯ ಐಕ್ಯದಿಂದ ವಯಸ್ಸಿನ ಐಕ್ಯವನ್ನು ಸಾಧಿಸಹೊರಟರೆ ಅದೂ ಕೂಡದು. ಒಂದೇ ಮಳೆಯಲ್ಲಿ ನೆನೆದ ಇಬ್ಬರು ಒಂದೇ ವರ್ಷ ಹುಟ್ಟಿದವರಾಗಬೇಕಾಗಿಲ್ಲ. ಹೊಳೆನರಸೀಪುರದ ಪಟ್ಟಿಗೂ ಅದರ ಸುತ್ತಣ ನೈಸಿಗೂ ಇರುವ ಗಡಿಯನ್ನು ಅಡಿ ಅಡಿಯಾಗಿ ನಡೆದು, ಎಲ್ಲಿ ಎಳೆ ನುಗ್ಗಿದೆ, ಎಲ್ಲಿ ತುಂಡು ಸಿಕ್ಕಿದೆ, ಎಲ್ಲಿ ಉರುಟುಕಲ್ಲು ತಂಗಿದೆ ಎಂಬುದನ್ನು ಬೇರೆ ಬೇರೆಯಾಗಿ ಬರೆದಿಟ್ಟು, ಆ ಎಳೆಯ, ಆ ತುಂಡಿನ, ಆ ಉರುಟಿನ ವಯಸ್ಸನ್ನು ಒಂದೊಂದಾಗಿ ಅಳೆದ ಬಳಿಕವೇ ಅಲ್ಲಿ ಹೆಸರಿಡುವ ಕಾರ್ಯವು ಯುಕ್ತವಾಗುವುದು.