ಅರಗಿನ ತಟ್ಟೆಯಲ್ಲಿ ಗೌಹರ್ ಜಾನ್

ಹಳೆಯ ಗ್ರಾಮಫೋನ್ ತಟ್ಟೆ ಹುಡುಕುವವರು ಹಾಡಿನ ಹೆಸರಿನ ಜೊತೆಗೇ ಲೇಬಲ್ಲಿನ ಸುತ್ತಲಿನ ನುಣುಪು ಜಾಗವನ್ನೂ ನೋಡುತ್ತಾರೆ. ತಟ್ಟೆಯನ್ನು ಬೆಳಕಿಗೆ ಓರೆಯಾಗಿ ಹಿಡಿದರೆ ಅಲ್ಲಿ ಮ್ಯಾಟ್ರಿಕ್ಸ್ ಸಂಖ್ಯೆ ಕಾಣುತ್ತದೆ. ಯಾವಾಗಿನ ಧ್ವನಿಮುದ್ರಣ ಎಂಬ ಸುಳಿವು ಅದರಲ್ಲೇ. ಲೇಬಲ್ಲಿನಲ್ಲಿ ಎಚ್‌ಎಂವಿಯ ನಾಯಿಯ ಬದಲು ಗರಿ ಹಿಡಿದ ದೇವದೂತನಿದ್ದು, ಒಂದೇ ಬದಿಯಲ್ಲಿ ಹಾಡಿದ್ದರಂತೂ ಎದೆ ಹೊಡೆದುಕೊಳ್ಳುತ್ತದೆ.

1902ರಲ್ಲಿ ಗ್ರಾಮಫೋನ್ ಕಂಪನಿಯ ಧ್ವನಿಮುದ್ರಕ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತೆಯಲ್ಲಿ ಗಾಯಕಿ ಗೌಹರ್ ಜಾನ್ ಅವರ ದನಿ ಹಿಡಿದ. ಆಗ ಮೈಕ್ ಇರಲಿಲ್ಲ. ಕಹಳೆಯೊಳಗೆ ಗಟ್ಟಿಯಾಗಿ ಹಾಡಬೇಕು. ಗಂಟೆಗಟ್ಟಲೆ ಬೆಳೆಸಬಲ್ಲ ರಾಗವನ್ನು ಮೂರು ನಿಮಿಷದ ಆಸುಪಾಸಿನಲ್ಲಿ ಮುಗಿಸಬೇಕು. ಆಲಾಪ, ಬಂದಿಶ್, ತಾನ್ ಎಲ್ಲವೂ ಅಷ್ಟರಲ್ಲೇ ಬಂದುಹೋಗುತ್ತವೆ, ಎಲ್ಲಿಯೂ ಅವಸರ ಕೇಳಿಸುವುದಿಲ್ಲ. ಇಷ್ಟು ಅಚ್ಚುಕಟ್ಟಾದ ಗಾಯನ ಇಂದಿಗೂ ಅಪರೂಪವೆಂದೇ ನನ್ನ ಅಭಿಪ್ರಾಯ. ಕೊನೆಯಲ್ಲಿ ಇಂಗ್ಲಿಷಿನಲ್ಲಿ ತಮ್ಮ ಹೆಸರು ಸಾರುವ ಆ ಠೀವಿ ಬೇರೆ! ಆ ಮೊದಲ ತಟ್ಟೆಗಳು ಅಚ್ಚಾದದ್ದು ಜರ್ಮನಿಯ ಹ್ಯಾನೋವರ್‌ನಲ್ಲಿ. ಇದೇ ಗೌಹರ್ ಕೊನೆಗಾಲದಲ್ಲಿ ಮೈಸೂರು ಆಸ್ಥಾನಕ್ಕೆ ಬಂದರು, 1930ರ ಜನವರಿಯಲ್ಲಿ ಮೈಸೂರಿನಲ್ಲೇ ತೀರಿಕೊಂಡರು.

ಈ ತಟ್ಟೆಗಳನ್ನು ಕಾಪಾಡುವುದು ಸುಲಭವಲ್ಲ. ಅರಗು ಬೆರೆತ ಮೈ, ಕೈಜಾರಿದರೆ ಚೂರುಚೂರು. ಸರಿಯಾಗಿ ಇಡದಿದ್ದರೆ ಬಿಸಿಲಿಗೆ ಬಾಗುತ್ತದೆ. ಕೀಲಿ ಕೊಡುವ ಪೆಟ್ಟಿಗೆಯಲ್ಲಿ ಹಾಕುವುದಾದರೆ ಪ್ರತಿ ಬದಿಗೂ ಹೊಸ ಉಕ್ಕಿನ ಮುಳ್ಳು ಬೇಕು, ಇಲ್ಲವಾದರೆ ಗೆರೆ ಸವೆಯುತ್ತದೆ. ಎಲ್‌ಪಿಯ ಮುಳ್ಳು ಈ ಅಗಲ ಗೆರೆಗೆ ತೀರಾ ಸಣ್ಣದು. ಈಗಿನ ಟರ್ನ್‌ಟೇಬಲ್ಲಿನಲ್ಲಿ ಕೇಳುವವರು ನಿಮಿಷಕ್ಕೆ 78 ಸುತ್ತು ತಿರುಗುವ ಈ ತಟ್ಟೆಗಳ ಮುಳ್ಳನ್ನೇ ಕೇಳಿ ಕೊಳ್ಳಬೇಕು.