ವಿಮಾನದ ಆಟ: ಸಾದಾ ಪ್ರತಿಯೋ, ಕ್ಯಾಲಿಕೋ ಪ್ರತಿಯೋ?

ಹಿಂದೆ ನಮ್ಮ ಪ್ರಕಾಶಕರು ಒಂದೇ ಪುಸ್ತಕಕ್ಕೆ ಎರಡು ಬೆಲೆ ಇಡುತ್ತಿದ್ದುದು ಹಿರಿಯ ಓದುಗರಿಗೆ ನೆನಪಿರಬಹುದು: ಸಾದಾ ಪ್ರತಿಗೆ ಒಂದು, ಕ್ಯಾಲಿಕೋ ಪ್ರತಿಗೆ ಇನ್ನೊಂದು. ಒಳಗಿನ ಕತೆ ಎರಡರಲ್ಲೂ ಒಂದೇ. ಉಡುಗೊರೆ ಕೊಡುವವರು, ಕಪಾಟಿನಲ್ಲಿ ಸಾಲಾಗಿ ಜೋಡಿಸುವವರು ಕ್ಯಾಲಿಕೋ ಕೊಳ್ಳುತ್ತಿದ್ದರು. ಉಳಿದವರು ಸಾದಾ ಪ್ರತಿಯಲ್ಲೇ ಓದಿ ಮುಗಿಸುತ್ತಿದ್ದರು. ಈಗ ಮೈಕ್ರೋಸಾಫ್ಟ್ ಕಂಪೆನಿಯ ಫ್ಲೈಟ್ ಸಿಮ್ಯುಲೇಟರ್ ಎಂಬ ವಿಮಾನ ಹಾರಿಸುವ ಕಂಪ್ಯೂಟರ್ ಆಟವನ್ನು ಮಕ್ಕಳಿಗೆ ಕೊಡಿಸಹೊರಟ ತಂದೆತಾಯಿಗಳ ಮುಂದೆ ಎರಡಲ್ಲ, ನಾಲ್ಕು ಬೆಲೆಗಳಿವೆ. ಹೆಚ್ಚು ಬೆಲೆಯದರಲ್ಲಿ ಹೆಚ್ಚು ವಿದ್ಯೆ ಇರಬಹುದೆಂದು ನಂಬಿ, ತಿಂಗಳ ಕೊನೆಯಲ್ಲಿ ಕೈ ಬಿಗಿಯಾದರೂ ಸರಿ, ದುಬಾರಿಯದನ್ನೇ ಕೊಡಿಸಲು ಮುಂದಾಗುವ ಮನೆಗಳುಂಟು. ಆ ನಂಬಿಕೆಗೆ ಆಧಾರವಿದೆಯೇ ಎಂದು ನಾವಿಲ್ಲಿ ತೂಗಿ ನೋಡಿದ್ದೇವೆ.

2024ರ ನವೆಂಬರ್ 19ರಂದು ಬಿಡುಗಡೆಯಾದ ಆಟದ ಲೆಕ್ಕ ಹೀಗೆ. ಸ್ಟಾಂಡರ್ಡ್ ಪ್ರತಿಗೆ ಅಮೆರಿಕದಲ್ಲಿ ಇಟ್ಟ ಬೆಲೆ 69.99 ಡಾಲರು, ಅದರಲ್ಲಿ 70 ವಿಮಾನಗಳು, ಕಲಾವಿದರು ಒಂದೊಂದಾಗಿ ಕೂತು ರೂಪಿಸಿದ 150 ನಿಲ್ದಾಣಗಳು. ಡೀಲಕ್ಸ್ 99.99ಕ್ಕೆ 80 ವಿಮಾನ, 155 ನಿಲ್ದಾಣ. ಪ್ರೀಮಿಯಂ ಡೀಲಕ್ಸ್ 129.99ಕ್ಕೆ 95 ವಿಮಾನ, 160 ನಿಲ್ದಾಣ. ಏವಿಯೇಟರ್ ಎಂಬುದು 199.99, ವಿಮಾನ 125, ನಿಲ್ದಾಣಗಳು ಅವೇ 160. ಈ ಕೊನೆಯ ಮೆಟ್ಟಿಲಿನ 30 ವಿಮಾನಗಳೂ ಹೊಸವಲ್ಲ. 2020ರಲ್ಲಿ ಬಂದ ಹಿಂದಿನ ಆಟದ ಕಾಲದಲ್ಲಿ ಬಿಡಿಬಿಡಿಯಾಗಿ ಮಾರಿದ್ದವನ್ನೇ ಕಟ್ಟು ಕಟ್ಟಿ ಇಟ್ಟಿದ್ದಾರೆ. ರೂಪಾಯಿಯ ಬೆಲೆ ಬೇರೆಯಾದೀತು, ಏಣಿ ಮಾತ್ರ ಇದೇ.

ಈ ಏಣಿಯಲ್ಲಿ ಕಾಣದೆ ಉಳಿಯುವ ಸಂಗತಿಯೊಂದಿದೆ. ಭೂಮಂಡಲ ನಾಲ್ಕು ಪ್ರತಿಗಳಲ್ಲೂ ಒಂದೇ. ಬೆಟ್ಟ, ಹೊಳೆ, ಸಮುದ್ರ, ಆ ಹೊತ್ತಿನಲ್ಲಿ ನಿಜವಾಗಿ ಬೀಸುತ್ತಿರುವ ಗಾಳಿ, ಕವಿದಿರುವ ಮೋಡ, ಇವುಗಳಲ್ಲಿ ಸ್ಟಾಂಡರ್ಡಿನವರಿಗೆ ಒಂದಂಶವೂ ಕಡಿಮೆಯಿಲ್ಲ. 2020ರ ಆಟದಲ್ಲೇ ಜಗತ್ತಿನ ಸುಮಾರು 37,000 ನಿಲ್ದಾಣಗಳು ಎಲ್ಲ ಪ್ರತಿಗಳಲ್ಲೂ ಇದ್ದವು. ವ್ಯತ್ಯಾಸವಿದ್ದದ್ದು ವಿಶೇಷವಾಗಿ ಅಲಂಕರಿಸಿದ ಕೆಲವೇ ನಿಲ್ದಾಣಗಳಲ್ಲಿ. ಆಗಿನ ಡೀಲಕ್ಸಿಗೆ ಸೇರಿಸಿದ್ದು ಆಮ್‌ಸ್ಟರ್‌ಡಾಂ, ಕೈರೋ, ಕೇಪ್‌ಟೌನ್, ಶಿಕಾಗೋ, ಮ್ಯಾಡ್ರಿಡ್. ಪ್ರೀಮಿಯಂಗೆ ಸೇರಿಸಿದ್ದು ದುಬೈ, ಫ್ರಾಂಕ್‌ಫರ್ಟ್, ಲಂಡನ್ನಿನ ಹೀಥ್ರೋ, ಡೆನ್ವರ್, ಸಾನ್‌ಫ್ರಾನ್ಸಿಸ್ಕೋ. ಹೀಥ್ರೋವಿನ ಕಟ್ಟಡದ ಗಾಜು ಹೊಳೆಯುವುದನ್ನು ನೋಡಲು ಮೂವತ್ತು ಡಾಲರು ಕೊಡುವವರು ಕೊಡಲಿ. ನಮ್ಮ ಮಕ್ಕಳು ಹುಬ್ಬಳ್ಳಿಗೋ, ಬೆಳಗಾವಿಯ ಸಾಂಬ್ರಾಕ್ಕೋ, ಬಜಪೆಗೋ ಹೋಗಬೇಕೆಂದರೆ ಆ ಹಣ ಅವರನ್ನು ಒಂದು ಗಜವೂ ಮುಂದೆ ಒಯ್ಯುವುದಿಲ್ಲ.

ಬಜಪೆಯ ಮಾತು ಬಂತು. ಮುಂಬಯಿಯಲ್ಲಿ ಹುಟ್ಟಿ ಬೆಳೆದು, ಊರೆಂದರೆ ಮೇ ತಿಂಗಳ ರೈಲು ಮತ್ತು ಅಜ್ಜಿಮನೆಯ ಅಂಗಳ ಎಂದಷ್ಟೇ ತಿಳಿದ ಮಕ್ಕಳು ನಮ್ಮಲ್ಲಿ ಬಹಳ. ಅಂಥ ಮಗು ಸ್ಟಾಂಡರ್ಡ್ ಪ್ರತಿಯಲ್ಲೇ ಇರುವ ಸೆಸ್ನಾ 172 ಎಂಬ ಪುಟ್ಟ ವಿಮಾನವನ್ನು ಮುಂಬಯಿಯಿಂದ ಎತ್ತಿ, ಸಮುದ್ರವನ್ನು ಬಲಕ್ಕೂ ಸಹ್ಯಾದ್ರಿಯನ್ನು ಎಡಕ್ಕೂ ಇಟ್ಟುಕೊಂಡು ತೆಂಕಣಕ್ಕೆ ಹೊರಟಿತೆನ್ನಿ. ನೇರ ದಾರಿ ಸುಮಾರು 700 ಕಿಲೋಮೀಟರು. 120 ನಾಟ್ ವೇಗದಲ್ಲಿ ಮೂರು ಗಂಟೆಗೆ ತುಸು ಹೆಚ್ಚು ಬೇಕು, ಕರಾವಳಿಯ ಅಂಕುಡೊಂಕನ್ನು ಅನುಸರಿಸಿದರೆ ಇನ್ನೂ ಹೆಚ್ಚು. ಗೋವೆ ದಾಟಿದ ಮೇಲೆ ಕಾರವಾರದ ಬಳಿ ಕಾಳಿ ಸಮುದ್ರ ಸೇರುತ್ತದೆ. ಮುಂದೆ ಗಂಗಾವಳಿ, ಆಮೇಲೆ ಅಘನಾಶಿನಿ, ಹೊನ್ನಾವರದಲ್ಲಿ ಶರಾವತಿ. ಶಾಲೆಯ ಪುಸ್ತಕದಲ್ಲಿ ಒಂದೇ ಸಾಲಿನಲ್ಲಿ ಬಾಯಿಪಾಠ ಮಾಡುವ ಹೆಸರುಗಳು ಇಲ್ಲಿ ಒಂದರ ಹಿಂದೊಂದು ಕೆಳಗೆ ಹಾಯುತ್ತವೆ. ಇವುಗಳ ನಡುವೆ ಎಷ್ಟು ದೂರ, ಘಟ್ಟ ಎಲ್ಲಿ ಕಡಲಿಗೆ ಮೈಯೊಡ್ಡುತ್ತದೆ, ಎಲ್ಲಿ ಹಿಂದೆ ಸರಿಯುತ್ತದೆ ಎಂಬುದು ಕಣ್ಣಿಗೇ ತಿಳಿಯುತ್ತದೆ. ಪಕ್ಕದಲ್ಲಿ ಕರ್ನಾಟಕದ ಭೂಪಟವೊಂದನ್ನು ಹರಡಿಕೊಂಡು ಅಪ್ಪನೋ ಅಜ್ಜನೋ ಕುಳಿತರೆ ಇನ್ನೂ ಒಳ್ಳೆಯದು. ಇಷ್ಟು ನಿಧಾನದ ವಿಮಾನವಲ್ಲದೆ ಇದು ಆಗುವ ಕೆಲಸವಲ್ಲ. ಮೂವತ್ತು ಸಾವಿರ ಅಡಿಯ ಮೇಲೆ ಧಾವಿಸುವ ಬೋಯಿಂಗ್ 787ರಿಂದ ಶರಾವತಿ ಒಂದು ಗೀಟು. ಆ ಬೋಯಿಂಗನ್ನೇ 2020ರಲ್ಲಿ ಪ್ರೀಮಿಯಂ ಕೊಳ್ಳುವವರಿಗೆಂದು ತೆಗೆದಿರಿಸಿದ್ದರು!

ಹಾಗೆಂದು ಈ ಭೂಮಂಡಲವನ್ನು ಪೂರಾ ನಂಬುವಂತಿಲ್ಲ. ಉಪಗ್ರಹದ ಚಿತ್ರಗಳನ್ನು ನೋಡಿ, ಇಲ್ಲೊಂದು ಕಟ್ಟಡವಿರಬೇಕು, ಇಷ್ಟು ಎತ್ತರವಿರಬೇಕು ಎಂದು ಯಂತ್ರವೇ ಊಹಿಸಿ ಮನೆಗಳನ್ನು ನಿಲ್ಲಿಸುತ್ತದೆ. ವಿಮಾನದಿಂದ ಸುತ್ತಲೂ ಚಿತ್ರ ತೆಗೆದು ಮೂಡಿಸಿದ ಕೆಲವು ನಗರಗಳನ್ನು ಬಿಟ್ಟರೆ ಜಗತ್ತಿನ ಹೆಚ್ಚಿನ ಭಾಗಕ್ಕೆ ಈ ಊಹೆಯೇ ಗತಿ. 2020ರಲ್ಲಿ ಆಸ್ಟ್ರೇಲಿಯದ ಮೆಲ್ಬರ್ನ್ ನಗರದ ಹೊರಬಡಾವಣೆಯೊಂದರಲ್ಲಿ 212 ಅಂತಸ್ತಿನ ಸೂಜಿಯಂಥ ಗೋಪುರವೊಂದು ಎದ್ದು ನಿಂತು ನಗೆಪಾಟಲಾಯಿತು; ಯಾರೋ ಭೂಪಟ ತುಂಬುವಾಗ 2 ಎಂದು ಬರೆಯಬೇಕಾದಲ್ಲಿ 212 ಎಂದು ಬರೆದಿದ್ದರಂತೆ. ಲಂಡನ್ನಿನ ಬಕಿಂಗ್‌ಹ್ಯಾಂ ಅರಮನೆ ಕಚೇರಿ ಕಟ್ಟಡದಂತೆ ಕಂಡಿತು. ರಾಣಿಯ ಅರಮನೆಗೇ ಈ ಗತಿಯಾದರೆ ನಮ್ಮ ರಥಬೀದಿಯ ಗುಡಿಗೂ ಅದರಾಚೆಯ ಗೋದಾಮಿಗೂ ಯಂತ್ರ ಭೇದ ಮಾಡೀತೆಂದು ನಿರೀಕ್ಷಿಸಬಾರದು. ಈ ಊನ ದುಬಾರಿ ಪ್ರತಿಯಲ್ಲಿ ತೀರುವುದಿಲ್ಲ. ಮೆಲ್ಬರ್ನಿನ ಗೋಪುರ 60 ಡಾಲರು ಕೊಟ್ಟವರಿಗೂ 120 ಕೊಟ್ಟವರಿಗೂ ಅಷ್ಟೇ ಎತ್ತರವಾಗಿತ್ತು.

ಏಣಿಯ ಮೇಲುಮೆಟ್ಟಿಲಿನಲ್ಲಿ ಏನನ್ನು ಇಡುತ್ತಾರೆಂಬುದಕ್ಕೆ ಒಂದು ಹಳೆಯ ನಿದರ್ಶನ ಕೊಡಬಹುದು. ಈ ಆಟಕ್ಕೆ ದೊಡ್ಡ ಇತಿಹಾಸವಿದೆ. ಬ್ರೂಸ್ ಆರ್ಟ್‌ವಿಕ್ ಎಂಬವರು ಬರಿಯ ಗೆರೆಗಳಲ್ಲಿ ಬೆಟ್ಟ ಬಿಡಿಸಿ ಮಾಡಿದ ಆಟದಿಂದ ಮೊದಲಾಗಿ, 1982ರಲ್ಲಿ ಮೈಕ್ರೋಸಾಫ್ಟಿನ ಹೆಸರಿನಲ್ಲಿ ಹೊರಬಂದು, ಇಂದಿನವರೆಗೆ ನಡೆದುಬಂದಿದೆ. 2006ರ ಆವೃತ್ತಿಯಲ್ಲೂ ಸ್ಟಾಂಡರ್ಡ್, ಡೀಲಕ್ಸ್ ಎಂಬ ಎರಡು ಪ್ರತಿಗಳಿದ್ದವು. ಆಗ ಸೆಸ್ನಾದ ಮುಂದೆ ಹಳೆಯ ಗಡಿಯಾರದಂಥ ಮುಳ್ಳಿನ ಮಾಪಕಗಳು ಸಾದಾ ಪ್ರತಿಯಲ್ಲಿ, ಟಿ.ವಿ. ಪರದೆಯಂಥ ಹೊಸ ಮಾಪಕಫಲಕ ಡೀಲಕ್ಸಿನಲ್ಲಿ. 2020ಕ್ಕೆ ಬರುವಾಗ ತಿರುಗುಮುರುಗಾಯಿತು: ಪರದೆಯಿರುವ ಸೆಸ್ನಾ ಸಾದಾ ಪ್ರತಿಗೆ ಇಳಿದು, ಮುಳ್ಳಿನ ಮಾಪಕದ ಸೆಸ್ನಾ ಡೀಲಕ್ಸಿಗೆ ಏರಿತು! ಕಲಿಯುವವರಿಗೆ ಯಾವುದು ಹೆಚ್ಚು ಉಪಯುಕ್ತ ಎಂಬುದರ ಮೇಲೆ ಈ ವಿಂಗಡಣೆ ನಿಂತಿದ್ದರೆ ಹದಿನಾಲ್ಕು ವರ್ಷಗಳಲ್ಲಿ ಹೀಗೆ ತಲೆಕೆಳಗಾಗಬೇಕಿರಲಿಲ್ಲ. ಜನ ಯಾವುದಕ್ಕೆ ಕೈ ಚಾಚುತ್ತಾರೋ ಅದನ್ನು ಮೇಲಿನ ಗೂಡಿನಲ್ಲಿಡುವುದು ಅಂಗಡಿಯ ಜಾಣ್ಮೆ. ಅದನ್ನು ತಪ್ಪೆನ್ನಲಾರೆವು, ಪಾಠಕ್ರಮವೆಂದು ಭ್ರಮಿಸಲೂ ಆರೆವು.

ದೊಡ್ಡ ವಿಮಾನವೇ ಬೇಕೆಂದು ಹಟ ಹಿಡಿಯುವ ಮಕ್ಕಳಿಗೂ ಸ್ಟಾಂಡರ್ಡಿನಲ್ಲಿ ಏರ್‌ಬಸ್ ಎ320 ಇದೆ. ನಮ್ಮ ದೇಶದೊಳಗೆ ನಾವು ಹೆಚ್ಚಾಗಿ ಕೂತು ಹೋಗುವುದೂ ಅದೇ ಜಾತಿಯ ವಿಮಾನದಲ್ಲಿ. 2020ರ ಆಟಕ್ಕೆ ಫ್ಲೈ‌ಬೈ‌ವೈರ್ ಎಂಬ ಹವ್ಯಾಸಿಗಳ ಬಳಗ ಈ ಏರ್‌ಬಸ್ಸನ್ನು ತಿದ್ದಿ ತೀಡಿ, ಮೂಲಕ್ಕಿಂತ ಎಷ್ಟೋ ಸಾಚಾ ಮಾಡಿ ಪುಕ್ಕಟೆಯಾಗಿ ಹಂಚಿತು. ಇನ್ನು ಹಣವನ್ನೇ ಹಾಕಲಾರೆವೆನ್ನುವವರಿಗೆ ಫ್ಲೈಟ್‌ಗಿಯರ್ ಎಂಬ ಇನ್ನೊಂದು ಆಟ ಉಚಿತವಾಗಿಯೇ ಸಿಗುತ್ತದೆ. ನೋಟ ಬಡವಾದರೂ ಹಾರಾಟ ಬಡವಲ್ಲ.

ಹಣ ಹಾಕಬೇಕಾದ ಜಾಗ ಬೇರೆ. 2024ರ ಆಟಕ್ಕೆ ಕಂಪೆನಿಯೇ ಹೇಳಿರುವ ಕನಿಷ್ಠ ಅಗತ್ಯ ಕಂಪ್ಯೂಟರಿನಲ್ಲಿ 16 ಜಿ.ಬಿ. ರ‍್ಯಾಮ್, ಚೆನ್ನಾಗಿ ನಡೆಯಬೇಕಾದರೆ 32. ಭೂಮಂಡಲವೆಲ್ಲ ಕಂಪೆನಿಯ ಕಂಪ್ಯೂಟರುಗಳಲ್ಲಿದ್ದು, ಹಾರಿದಂತೆ ಹಾರಿದಂತೆ ಇಂಟರ್‌ನೆಟ್ಟಿನಲ್ಲಿ ಹರಿದುಬರುವುದರಿಂದ ಅದರ ವೇಗವೂ ಮುಖ್ಯ: ಕನಿಷ್ಠ 10 ಎಂ.ಬಿ.ಪಿ.ಎಸ್., ಉತ್ತಮವಾಗಿ 50. ಮನೆಯ ನಾಲ್ವರು ಒಂದೇ ಸಂಪರ್ಕದಲ್ಲಿ ಸಿನಿಮಾ ನೋಡುತ್ತ, ಆಫೀಸಿನ ಮೀಟಿಂಗು ನಡೆಸುತ್ತ ಇರುವಾಗ ಪೂರ್ತಿ ವೇಗ ಆಟಕ್ಕೆ ಸಿಗಲಾರದೆಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಬಿಡುಗಡೆಯ ದಿನ ಕಂಪೆನಿಯ ಕಂಪ್ಯೂಟರುಗಳೇ ಜನಸಂದಣಿ ತಾಳದೆ ಕುಸಿದು, ಆಟಗಾರರು ಗಂಟೆಗಟ್ಟಲೆ ಸರದಿಯಲ್ಲಿ ಕಾದರು. ತಯಾರಕರು ಕ್ಷಮೆ ಕೇಳಬೇಕಾಯಿತು. 199 ಡಾಲರು ಕೊಟ್ಟ ಏವಿಯೇಟರಿನವರೂ 69 ಕೊಟ್ಟವರ ಹಿಂದೆಮುಂದೆಯೇ ನಿಂತಿದ್ದರು. 2020ರ ಆಟ ಮನೆಯಲ್ಲಿ ಈಗಾಗಲೇ ಇದ್ದು, ಇಂಟರ್‌ನೆಟ್ಟು ನಿಧಾನವಿದ್ದರೆ ಅವಸರ ಬೇಡ. ಅದರಲ್ಲಿ ನಮಗೆ ಬೇಕಾದ ಪ್ರದೇಶವನ್ನು ಮೊದಲೇ ಇಳಿಸಿಟ್ಟುಕೊಳ್ಳುವ ಅನುಕೂಲವಿದೆ.

ಅದಕ್ಕೂ ಮುಖ್ಯವಾದದ್ದು ಜಾಯ್‌ಸ್ಟಿಕ್. ಕೀಬೋರ್ಡಿನ ಗುಂಡಿ ಒತ್ತಿ ವಿಮಾನ ಇಳಿಸುವುದೆಂದರೆ ಹಾರ್ಮೋನಿಯಂನಲ್ಲಿ ಗಮಕ ಹಿಡಿಯಹೊರಟಂತೆ. ಸ್ವರ ಬಂದೀತು, ಜಾರು ಬರುವುದಿಲ್ಲ. ಡೀಲಕ್ಸಿನಿಂದ ಉಳಿಸಿದ ಹಣವನ್ನು ಒಂದು ಸಾಧಾರಣ ಜಾಯ್‌ಸ್ಟಿಕ್ಕಿಗೆ ಹಾಕಿದರೆ ಕೈಗೆ ಹದ ಬರುತ್ತದೆ. ಮೇಲಾಗಿ ಆಟದ ಪ್ರತಿ ಕೊಂಡವರ ಖಾತೆಗೆ ಅಂಟಿಕೊಂಡಿರುತ್ತದೆ, ಕ್ಯಾಲಿಕೋ ಪುಸ್ತಕದಂತೆ ಪಕ್ಕದ ಮನೆಗೆ ಎರವಲು ಕೊಡುವಂತಿಲ್ಲ, ಜಾಯ್‌ಸ್ಟಿಕ್ಕನ್ನು ಕೊಡಬಹುದು.

ಮಗ ಅಥವಾ ಮಗಳು ಪೈಲಟ್ ಆಗುವ ಆಸೆಯಿಟ್ಟುಕೊಂಡಿದ್ದಾರೆಂದು ದುಬಾರಿ ಪ್ರತಿ ಕೊಡಿಸುವವರಿಗೆ ಒಂದು ಮಾತನ್ನು ಸ್ಪಷ್ಟವಾಗಿಯೇ ಹೇಳಬೇಕು. ವಾಣಿಜ್ಯ ಪೈಲಟ್ ಪರವಾನಗಿಗೆ ನಮ್ಮ ದೇಶದಲ್ಲಿ 200 ಗಂಟೆಗಳ ಹಾರಾಟ ಬೇಕು. ಮನೆಯ ಆಟದ ಸಾವಿರ ಗಂಟೆಯೂ ಅದರಲ್ಲಿ ಒಂದು ನಿಮಿಷಕ್ಕೆ ಸಮವಲ್ಲ. ಕಿಟಕಿಯಾಚೆ ನೋಡುವುದನ್ನು ಬಿಟ್ಟು ಮಾಪಕಗಳನ್ನೇ ದಿಟ್ಟಿಸುವ ಚಾಳಿ ಆಟದಿಂದ ಬಂದವರಿಗೆ ಅಂಟುತ್ತದೆಂದು ಶಿಕ್ಷಕರ ದೂರೂ ಇದೆ. ಆದರೂ ಕಲಿಯುವುದೇನೂ ಇಲ್ಲವೆನ್ನಲಾರೆವು. ಬಜಪೆಯ ಓಡುದಾರಿ ಗುಡ್ಡದ ನೆತ್ತಿಯ ಮೇಲಿದೆ, ತುದಿಯಾಚೆ ಇಳಿಜಾರು. 2010ರ ಮೇ 22ರಂದು ದುಬೈಯಿಂದ ಬಂದ ವಿಮಾನ ಅಗತ್ಯಕ್ಕಿಂತ ಎತ್ತರದಲ್ಲಿ ಬಂದರೂ ಇಳಿಯುವ ಪ್ರಯತ್ನವನ್ನು ಕೈಬಿಡದೆ, ಓಡುದಾರಿಯ ತುದಿ ದಾಟಿ ಉರುಳಿ, 158 ಜನ ಸತ್ತದ್ದನ್ನು ನಮ್ಮ ಕರಾವಳಿಯ ಮನೆಗಳು ಮರೆತಿಲ್ಲ. ಎತ್ತರ ಹೊಂದದಿದ್ದರೆ ಇಳಿಯದೆ ಮತ್ತೆ ಮೇಲೇರಿ, ಸುತ್ತು ಹಾಕಿ ಬರಬೇಕು. ಈ ಒಂದು ಅಭ್ಯಾಸವನ್ನು ಮಳೆಗಾಲದ ಮೋಡದಲ್ಲಿ ಹತ್ತು ಸಲ ಮಾಡಿ ನೋಡಿದ ಹುಡುಗಿಗೆ ಆ ನಿರ್ಧಾರ ಎಷ್ಟು ಕಷ್ಟವೆಂಬುದು ತಿಳಿಯುತ್ತದೆ. ಅದಕ್ಕೆ ಬೇಕಾದ ಗುಡ್ಡ, ಮೋಡ, ಸೆಸ್ನಾ ಮೂರೂ ಅಗ್ಗದ ಪ್ರತಿಯಲ್ಲೇ ಇವೆ.

ಹಾಗಾದರೆ ಮೇಲಿನ ಪ್ರತಿಗಳು ಯಾರಿಗೆ? ಒಂದು ವರ್ಷ ಹಾರಿಸಿ, ನನಗೆ ಇಂಥದೇ ವಿಮಾನ ಬೇಕು ಎಂದು ಹೆಸರು ಹಿಡಿದು ಹೇಳಬಲ್ಲವರಿಗೆ. ಅಂಥವರು ಆಗ ವ್ಯತ್ಯಾಸದ ಹಣ ಕೊಟ್ಟು ಮೇಲಿನ ಪ್ರತಿಗೆ ಏರಬಹುದು. ಮೊದಲ ದಿನವೇ ಏರಬೇಕಾದ ಬಲವಂತವಿಲ್ಲ. ವಿಮಾನಗಳನ್ನು ಅಂಚೆಚೀಟಿಯಂತೆ ಸಂಗ್ರಹಿಸುವ ಹವ್ಯಾಸಿಗಳಿಗೆ ಏವಿಯೇಟರ್ ಸಲ್ಲುತ್ತದೆ, ಅವರ ಖುಷಿಗೆ ನಾವು ಅಡ್ಡಬರುವುದಿಲ್ಲ.

ಕೊಳ್ಳುವಾಗ ಒಂದು ಎಚ್ಚರ. ಸ್ಟೀಮ್ ಎಂಬ ಅಂಗಡಿಯಲ್ಲಿ ಕೊಂಡರೆ 14 ದಿನದೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ, ಹಣ ವಾಪಸು ಕೇಳಬಹುದು. 2020ರ ಆಟದಲ್ಲಿ ಆಟ ತೆರೆದ ಮೇಲೆಯೇ ನೂರು ಜಿ.ಬಿ.ಯ ಆಸುಪಾಸು ಇಳಿಯುತ್ತಿತ್ತು. ಆ ಹೊತ್ತೂ ಆಡಿದ ಹೊತ್ತಿಗೇ ಜಮೆಯಾಗಿ, ವಿಮಾನ ನೆಲ ಬಿಡುವ ಮೊದಲೇ ಎರಡು ಗಂಟೆ ಮುಗಿದವರು ಬಹಳ ಮಂದಿ. ಆದ್ದರಿಂದ ಕೊಂಡ ರಾತ್ರಿ ಆಟವನ್ನು ತೆರೆದಿಟ್ಟು ಮಲಗಬೇಡಿ. ನಿಮ್ಮ ಕಂಪ್ಯೂಟರಿನಲ್ಲಿ ಅದು ನಡೆಯುತ್ತದೆಯೇ ಎಂದು ಎಚ್ಚರವಿರುವಾಗಲೇ, ಗಡಿಯಾರ ನೋಡಿಕೊಂಡು ಪರೀಕ್ಷಿಸಿ.